ಸ್ಥಿತಿ: ಬಳಸಿದ್ದು

ಹನ್ನೊಂದು ಕಿಲೋ. ಆಲೂಗಡ್ಡೆ ಚೀಲದಲ್ಲಿ ಬಂತು.
ವಲ್ಗಾದ ಯಾರೋ ಗ್ಯಾರೇಜು ಖಾಲಿ ಮಾಡುತ್ತಿದ್ದರಂತೆ.
ಹುರಿ ಬಿಚ್ಚಿದರೆ
ನಾಯಿಯ ಕೂದಲು, ಸತ್ತ ಕಣಜ, ಅರ್ಧ ಬಳಪ,
ಲಾಟ್ವಿಯಾದ ಹಳೆಯ ನಾಣ್ಯ,
ಆಮೇಲೆ ಅವು:
ಕೆಂಪು, ನೀಲಿ, ಒಂದಾನೊಂದು ಕಾಲದ ಬಿಳಿ.

ತಾರ್ತು ಊರು, ಅನ್ನೆಲಿನ್ ಬಡಾವಣೆ, ಐದನೇ ಮಹಡಿ.
ಈ ಕಟ್ಟಡವೂ ಎದ್ದದ್ದು ಹೀಗೇ,
ಕಿಟಕಿ ಸಮೇತ ಗೋಡೆಯನ್ನೆತ್ತಿ
ಗೋಡೆಯ ಮೇಲಿಡುತ್ತಿತ್ತು ಕ್ರೇನು.
ಸರಿಯಾಗಿ ಒತ್ತಲಿಲ್ಲವೇನೋ,
ಸಂದಿಯಲ್ಲಿ ಚಳಿಗಾಲ ಈಗಲೂ ಉಗುರು ತೂರಿಸುತ್ತದೆ.

ಮೂವತ್ತೊಂದು ವರ್ಷ ಹಲ್ಲಿನ ಆಸ್ಪತ್ರೆಯಲ್ಲಿ
ಡಾಕ್ಟರ ಎಡಕ್ಕೆ ನಿಂತವಳು ನಾನು, ಹೆಲ್ವೆ.
ಹತ್ತಿ ಕೊಟ್ಟು, ಉಗುಳು ಹೀರುವ ಕೊಳವೆ ಹಿಡಿದು
"ಇನ್ನೊಂದೇ ನಿಮಿಷ" ಎಂದು ಸುಳ್ಳು ಹೇಳುತ್ತ.
ಪಿಂಚಣಿಯ ಜೊತೆ ಮನೆಗೆ ತಂದದ್ದು
ಎರಡು ಕೊಕ್ಕೆ, ಒಂದು ಪುಟ್ಟ ಕನ್ನಡಿ.
ಮೊಗ್ಗು ಮೊಗ್ಗಿನ ನಡುವಣ ಜಿಡ್ಡು ಕೆರೆಯಲು
ಅವೇ ಸಾಕು.
ಇವಕ್ಕೆ ಬಾಯಿ ತೆರೆ ಅನ್ನಬೇಕಿಲ್ಲ.

ದಿಂಬಿನ ಚೀಲಕ್ಕೆ ತುಂಬಿ ಉಗುರುಬೆಚ್ಚನೆ ನೀರು, ಸೋಪು.
ಬಿಸಿ ಹೆಚ್ಚಾಗಬಾರದು.
ಹೋದ ವರ್ಷ ಬೇಗ ಒಣಗಲೆಂದು ಸೌನಾದಲ್ಲಿ ಹರವಿ
ಇಡೀ ಅಗ್ನಿಶಾಮಕ ಠಾಣೆ
ಶಾಖಕ್ಕೆ ಸೊಂಟ ಬಾಗಿಸಿಬಿಟ್ಟಿತು.

ಹಳದಿಗೆ ತಿರುಗಿದ ಬಿಳಿಗೆ ಪೆರಾಕ್ಸೈಡು,
ಜೂನಿನ ಬಾಲ್ಕನಿ,
ರಾತ್ರಿ ಹತ್ತಾದರೂ ಎದ್ದು ಹೋಗದ ಬಿಸಿಲು.
ಕಾಫಿ ಕುಡಿದ ಹಲ್ಲುಗಳಿಗೂ ನಾವು ಹಚ್ಚುತ್ತಿದ್ದುದು ಇದನ್ನೇ,
ದರ ಬೇರೆ.

ಮೂರನೇ ಮಹಡಿಯ ಊಕು ಎಣಿಸಲು ಬರುತ್ತಾನೆ.
ಅವನ ಸಂಬಳ ನೂರು ಬಿಡಿಗೆ ಒಂದು ಮನುಷ್ಯನ ತಲೆ;
ತಲೆಗೆ ಕೂದಲು ಬೇಕಾದರೆ ಇನ್ನೈವತ್ತು.
ಹರಿದ ಕೈಪಿಡಿಯ ಮೇಲೆ ಬೆರಳಿಟ್ಟು
ಬಂದರು, ದೋಣಿ, ದೀಪಸ್ತಂಭ
ಎಲ್ಲ ಹಾಜರಿ ಕೂಗಿದ.
ದೋಣಿಯ ನಾಯಿಗೆ ತಲೆಯಿಲ್ಲ.
ಇನ್ನು ಇದೊಂದು, ಅಂದ, ಬಿಡ್ತಾನೇ ಇಲ್ಲ.

ಎರಡು ತೆಳು ಬಿಲ್ಲೆ, ಒಂದರ ಮೇಲೊಂದು,
ಅಂಟಿದ್ದು ಯಾವ ವರ್ಷವೋ.
ಅಂಚಿನಲ್ಲಿ ಹಲ್ಲಿನ ಗುರುತು.
ಕನ್ನಡಿ ಹಿಡಿದೆ, ಅಭ್ಯಾಸ.
ಮೇಲಿನ ಸಾಲು, ಎಡ ಬಾಚಿ ಬಿದ್ದಿದೆ,
ಬಲದ್ದು ಈಗಷ್ಟೇ ಅರ್ಧ ಇಳಿದಿದೆ, ಅಂಚು ಗರಗಸದಂತೆ.
ಏಳು ವರ್ಷ. ಹೆಚ್ಚೆಂದರೆ ಏಳೂವರೆ.
ಗಂಡೋ ಹೆಣ್ಣೋ ಹಲ್ಲು ಹೇಳುವುದಿಲ್ಲ.
ಹಟ ಹೇಳುತ್ತದೆ: ಒಂದೇ ಜಾಗದಲ್ಲಿ ನಾಲ್ಕು ಸಲ.

ಉಗುರು ಹಾಕಿದೆ, ಬೆಣ್ಣೆಚಾಕು ಹಾಕಿದೆ,
ಫ್ರೀಜರಿನಲ್ಲಿಟ್ಟು ತೆಗೆದೆ.
ಆಮೇಲೆ
ಎಷ್ಟೋ ಸಾವಿರ ತಾಯಂದಿರಿಗೆ ಬೇಡ ಎಂದದ್ದನ್ನು
ಊಕುವಿನ ಎದುರಿಗೇ ಮಾಡಿದೆ.

ನನ್ನ ಹಲ್ಲು ಆ ಗುಳಿಯಲ್ಲಿ
ಹೋಗಿ ಕೂತಿತು,
ಯಾರೋ ಎದ್ದುಹೋದ ಕುರ್ಚಿ, ಇನ್ನೂ ಬೆಚ್ಚಗಿದ್ದಂತೆ.
ಸೋಪಿನ ರುಚಿ. ಕಚ್ಚಿದೆ.

ಟಕ್.

ಒಳಗೆ ಏನೂ ಇರಲಿಲ್ಲ.
ಕೆಂಪಿತ್ತು.
ಬಿಸಿಲು, ಧೂಳು, ಬೆರಳು ಕಾಣದ ಕೆಂಪು.
ಹೊರಗಿನದನ್ನು ಇಷ್ಟು ಹೊತ್ತೂ
ನಾವು ಕೆಂಪು ಅಂದುಕೊಂಡಿದ್ದೆವು.
ಊಕು ಎರಡನ್ನೂ ಪಕ್ಕಪಕ್ಕ ಹಿಡಿದು
ತುಂಬ ಹೊತ್ತು ಮಾತಾಡಲಿಲ್ಲ; ಆಮೇಲೆ,
"ನಿಮ್ಮ ಹಲ್ಲು ನಿಜವಾದದ್ದಾ?" ಎಂದು ಕೇಳಿದ.

ಫೋಟೋ ತೆಗೆದೆವು, ಬಿಳಿ ಹಾಸಿನ ಮೇಲೆ.
ವಿವರಣೆ ಅವನೇ ಒತ್ತಿದ, ಒಂದೇ ಬೆರಳಲ್ಲಿ:
ಬಳಸಿದ್ದು. ತೊಳೆದದ್ದು. ನಾಯಿಯ ತಲೆ ಇಲ್ಲ.
ಒಂದು ಬಿಲ್ಲೆಯ ಮೇಲೆ ಹಲ್ಲಿನ ಗುರುತು.
ಯಾರದು ಅಂತ ಬರೀಲಿ?
ಇಬ್ಬರದು ಅಂತ ಬರಿ, ಅಂದೆ.

ನಲವತ್ತೆರಡು ಯೂರೋ.
ಪೈಡೆಯ ಒಬ್ಬರು ಕೊಳ್ಳುತ್ತಾರಂತೆ.
ಹಲ್ಲಿನ ಗುರುತಿಗೆ ಎರಡು ಯೂರೋ ಕಡಿಮೆ ಮಾಡಿ ಅಂದರು.

ಒಂದು ಕಡಿಮೆ ಮಾಡಿದೆ.
ನನ್ನ ಪಾಲಿನದು.