ಬೆಸ ಗೆರೆ, ಸಮ ಗೆರೆ

ಎಸ್‌.ಪಿ. ರಸ್ತೆಯ ಇಮ್ತಿಯಾಜ್‌ ಸಾಹೇಬರು
ಸತ್ತ ಮದರ್‌ಬೋರ್ಡುಗಳ ಗುಡ್ಡೆಯಿಂದ ಎಳೆದು
ಷರ್ಟಿಗೆ ಒರೆಸಿ ಕೊಟ್ಟ ಟ್ಯೂನರ್‌ ಕಾರ್ಡು.
ಮುನ್ನೂರೈವತ್ತು ರೂಪಾಯಿ.
ಗ್ಯಾರಂಟಿ, ಅಂಗಡಿಯ ಮೆಟ್ಟಿಲು ಇಳಿಯುವ ತನಕ.

ಕೂರಿಸಿ ಯಂತ್ರ ಎಬ್ಬಿಸಿದೆ.
ಲಿನಕ್ಸ್‌ ತನ್ನ ದಿನಚರಿಯಲ್ಲಿ ಬರೆದುಕೊಂಡಿತು:
ಯಾರೋ ಬಂದಿದ್ದಾರೆ, ಹೆಸರು ಹೇಳುತ್ತಿಲ್ಲ,
ನೀನೇ ಒಂದು ನಂಬರು ಕೊಟ್ಟು ನೋಡು.

ನೂರೈವತ್ತು ಚಿಲ್ಲರೆ ನಂಬರುಗಳ ಪಟ್ಟಿ.
ಒಂದೊಂದೇ ಕೊಟ್ಟು ಮಾಡ್ಯೂಲ್‌ ಇಳಿಸಿ, ಏರಿಸಿ, ಇಳಿಸಿ.
ಹತ್ತಕ್ಕೆ ಬರೀ ನೀಲಿ. ಹದಿನಾರಕ್ಕೆ ಹಸಿರು ಪಟ್ಟೆ.
ಮೂವತ್ತೇಳಕ್ಕೆ ಯಂತ್ರವೇ ಕಲ್ಲಾಗಿ ಕೂತಿತು.
ಹೋಗಿ ಬೈಟೂ ಕಾಫಿಯ ಒಂದು ಪಾಲು ಕುಡಿದು ಬಂದೆ,
ಇನ್ನೊಂದು ಪಾಲು ಪಕ್ಕದ ಬೀಗದಂಗಡಿಯವನದು.
ಎಪ್ಪತ್ತೆರಡಕ್ಕೆ, ರಾತ್ರಿ ಹನ್ನೊಂದೂವರೆಗೆ, ಅದು ಓಗೊಟ್ಟಿತು.

ಆಮೇಲೆ ಮಾಡಿದ ದಡ್ಡತನವನ್ನೂ ಹೇಳಿಬಿಡುತ್ತೇನೆ.
ಕಾರ್ಡು ಸರಿಯಿದೆಯೇ ನೋಡೋಣವೆಂದು
ತಾರಸಿಯ ತುಕ್ಕು ಆಂಟೆನಾಕ್ಕೆ ತಂತಿ ಕಟ್ಟಿ
ಇಡೀ ಆಕಾಶ ಜಾಲಾಡಿದೆ, ತಳದಿಂದ ತುದಿಯವರೆಗೆ.
ಬರೀ ಎಳ್ಳು. ಕಪ್ಪೆಳ್ಳು, ಬಿಳಿ ಎಳ್ಳು.
ಜಗಳಕ್ಕೆಂದೇ ಎಸ್‌.ಪಿ. ರಸ್ತೆಗೆ ಹೋದೆ.
ಸಾಹೇಬರು ಚಹಾ ತರಿಸಿ ಅಂದರು:
"ಸತ್ತಿರೋದು ಕಾರ್ಡಲ್ಲ ಸ್ವಾಮಿ.
ಆ ಅಲೆ ಬಿಡೋದು ನಿಲ್ಲಿಸಿ ಎಷ್ಟು ವರ್ಷ ಆಯ್ತು?"
ಮೂವತ್ತು ವರ್ಷ ಟಿವಿ ರಿಪೇರಿ ಮಾಡಿದವನು ನಾನು.

ಇಷ್ಟೆಲ್ಲ ಮುನಿಲಕ್ಷ್ಮಮ್ಮನವರ ಒಂದು ಕ್ಯಾಸೆಟ್ಟಿಗಾಗಿ.
ತೊಂಬತ್ತೊಂದರ ವಾರ್ಡು ಲೀಗು, ಹಲಸೂರಿನ ಮೈದಾನ,
ಹೆಂಗಸರ ಕಬಡ್ಡಿ ಫೈನಲ್ಲು.
ಪಕ್ಕದ ಛತ್ರದ ಮದುವೆಗೆ ಬಂದಿದ್ದ ವಿಡಿಯೋದವನು
ಮುಹೂರ್ತಕ್ಕಿನ್ನೂ ಹೊತ್ತಿದೆಯೆಂದು ಹಿಡಿದದ್ದು.
ಕೊನೆಯ ರೈಡು ಇವರದು.
ಮೂವರು ಕಾಲಿಗೆ ಬಿದ್ದು ಜಗ್ಗಿದರೂ
ಕೈ ಚಾಚಿ ನಡುಗೆರೆ ಮುಟ್ಟಿದೆ ಅನ್ನುತ್ತಾರೆ.
ಅಷ್ಟರಲ್ಲಿ ಸೀಟಿ ಆಗಿತ್ತು ಅಂದನಂತೆ ರೆಫರಿ.
ಆಮೇಲೆ ಮೂವತ್ತು ವರ್ಷ ಸಿಟಿ ಬಸ್ಸಿನಲ್ಲಿ
ತಾವೇ ಸೀಟಿ ಊದಿದರು. ಅದೊಂದನ್ನು ಮರೆಯಲಿಲ್ಲ.

ಶನಿವಾರ ಸ್ಟೂಲಿನ ಮೇಲೆ ಕೂತರು,
ಕಂಕುಳಲ್ಲಿ ಚೀಲ ಅವುಚಿ, ನೂಕುನುಗ್ಗಲಿನಲ್ಲಿ ಇದ್ದ ಹಾಗೆ.
ವಿಸಿಆರಿನ ಹಳದಿ ತಂತಿ ಚುಚ್ಚಿದೆ.
ಚಿತ್ರ ಬಂತು, ಕಪ್ಪುಬಿಳುಪಾಗಿ, ಉರುಳುತ್ತ.
ಎನ್‌ಟಿಎಸ್‌ಸಿ ಅಂತಿದ್ದುದನ್ನು ಪಾಲ್‌ ಮಾಡಿದೆ.
ಹಸಿರು ಜೆರ್ಸಿ ಹಸಿರಾಯಿತು, ಮಣ್ಣು ಮಣ್ಣಾಯಿತು.
ಸದ್ದಿಗೆ ಬೇರೆ ತಂತಿ, ಸೌಂಡ್‌ ಕಾರ್ಡಿನ ಹಿಂದಿನ ತೂತಿಗೆ.
ಕಬಡ್ಡಿಕಬಡ್ಡಿಕಬಡ್ಡಿ,
ಇಪ್ಪತ್ತೈದರ ಉಸಿರು.
ಸ್ಟೂಲಿನ ಮೇಲಿನ ತುಟಿಯೂ ಆಡಿತು.

ಸೀಟಿ ಮೊದಲೋ ಕೈ ಮೊದಲೋ, ನಾನು ಹೇಳಲಾರೆ.
ಸದ್ದಿನ ಗಡಿಯಾರ ಬೇರೆ, ಚಿತ್ರದ ಗಡಿಯಾರ ಬೇರೆ,
ನಲವತ್ತನೇ ನಿಮಿಷಕ್ಕೆ ಎರಡಕ್ಕೂ ಮಾತು ಬಿಟ್ಟಿರುತ್ತದೆ.
ಒಂದೊಂದೇ ಫ್ರೇಮು ಸರಿಸಿ ನಿಲ್ಲಿಸಿದೆ.

ಚಿತ್ರವನ್ನು ಎರಡು ಸಲಕ್ಕೆ ನೇಯುತ್ತಿದ್ದ ಕಾಲ ಅದು:
ಮೊದಲು ಬೆಸ ಗೆರೆಗಳು, ಆಮೇಲೆ ಸಮ ಗೆರೆಗಳು,
ನಡುವೆ ಸೆಕೆಂಡಿನ ಐವತ್ತರಲ್ಲಿ ಒಂದು ಪಾಲು.
ನಿಂತದ್ದು ನಿಂತಂತಿರುತ್ತದೆ.
ಓಡಿದ್ದು ಬಾಚಣಿಗೆಯ ಹಲ್ಲಾಗಿ ಸೀಳಿಕೊಳ್ಳುತ್ತದೆ.
ಬೆಸ ಗೆರೆಗಳಲ್ಲಿ ಬೆರಳು ಸುಣ್ಣದ ಪಟ್ಟೆಗೆ
ಬೆಂಕಿಕಡ್ಡಿಯಷ್ಟು ಈಚೆ.
ಸಮ ಗೆರೆಗಳಲ್ಲಿ ಸುಣ್ಣದ ಮೇಲೆ.

"ಹೀಗೆ ಹರಿದ ಹಾಗೆ ಕಾಣುತ್ತೆ ಅಮ್ಮ,
ಒಂದನ್ನ ಅಳಿಸಿದರೆ ನುಣ್ಣಗಾಗುತ್ತೆ.
ಯಾವುದು ಇಟ್ಟುಕೊಳ್ಳಲಿ?"
ಕನ್ನಡಕ ತೆಗೆದು, ಸೆರಗಲ್ಲಿ ಒರೆಸಿ, ಹಾಕಿ,
ಪರದೆಗೆ ಮೂಗು ತಾಗುವಷ್ಟು ಬಗ್ಗಿದರು.
"ಎರಡೂ ಇರಲಿ ಬಿಡಿ.
ಮುಟ್ತಾ ಇದೀನಲ್ಲ."

ಐನೂರರ ನೋಟು ಕೊಟ್ಟರು. ನನ್ನಲ್ಲಿ ಚಿಲ್ಲರೆಯಿಲ್ಲ.
ರಸೀತಿ ತಿರುಗಿಸಿ ತಾವೇ ನೂರಿಪ್ಪತ್ತು ಎಂದು ಬರೆದು
ಸುತ್ತ ಒಂದು ಸೊನ್ನೆ ಎಳೆದು
ಚೀಲಕ್ಕೆ ಹಾಕಿಕೊಂಡರು. "ಇಳಿಯುವಾಗ," ಅಂದರು,
ಮೆಟ್ಟಿಲು ಇಳಿಯುತ್ತಲೇ.