ದವಡೆಯ ದುಡ್ಡು

ಈರುಳ್ಳಿ ಕಿತ್ತು ನಾಲ್ಕು ದಿನ.
ಭರಮಸಾಗರದಾಚೆಯ ನಮ್ಮ ಕೆಮ್ಮಣ್ಣಿನ ಹೊಲದಲ್ಲಿ
ಬೋರ್‌ವೆಲ್ ಮೋಟರು ರಿಪೇರಿಯ ಕಲಂದರ
ತಾನೇ ತಂತಿ ಸುತ್ತಿ ಮಾಡಿದ ಯಂತ್ರ ಹಿಡಿದು
ಕುರುಡ ಕೋಲಾಡಿಸಿದಂತೆ ನಡೆಯುತ್ತಾನೆ.
ಹಿಂದೆ ನಾನು, ಕುರ್ಪಿ ಹಿಡಿದು.

ಕುಂಯ್ ಅಂದರೆ ಕೂರುವುದು, ಕೆದಕುವುದು.
ಕುಂಟೆಯ ಮೊಳೆ.
ಅರ್ಧ ಲಾಳ, ಯಾವ ಎತ್ತಿನದೋ.
ಗುಟ್ಕಾ ಚೀಟಿಯ ಬೆಳ್ಳಿ ಮೈಗೂ
ಆಸೆ ಇದಕ್ಕೆ, ಥೂ.

ಕೋಟೆ ಆಳಿದವರ ಹೊನ್ನು,
ಚಂದ್ರವಳ್ಳಿಯ ಸೀಸದ ಬಿಲ್ಲೆ,
ಏನೇನೋ ಎಣಿಸಿದ್ದೆವು.
ಸಿಕ್ಕರೆ ತಹಶೀಲ್ದಾರರಿಗೆ ಹೇಳಬೇಕೆ, ಬೇಡವೆ
ಎಂದು ಬೀಡಿ ಮುಗಿಯುವ ತನಕ ಜಗಳ.

ಇಳಿಹೊತ್ತಿಗೆ ಬದುವಿನ ಬೇವಿನ ಹತ್ತಿರ
ಗಟ್ಟಿಯಾಗಿ ಕೂಗಿತು. ಗೇಣುದ್ದ ತೋಡಿದೆವು.
ಉಗುಳಿ ಉಜ್ಜಿದರೆ ಹಳದಿ.
ಇನ್ನೂ ಉಜ್ಜಿದರೆ ತಾವರೆ.
ಇಪ್ಪತ್ತು ಪೈಸೆ.

ಈರುಳ್ಳಿ ಸಿಪ್ಪೆ ಗುಡಿಸುತ್ತಿದ್ದ ಬೋರಮ್ಮತ್ತೆ
ಬಂದವಳೇ ಕಸಿದುಕೊಂಡಳು:
"ನಂದು ಕಣ್ರೋ ಇದು!
ಕಳೆ ತೆಗೆಯೋವಾಗ ದವಡೇಲಿ ಇಟ್ಕಂಡಿದ್ದೆ,
ಸೆರಗಿನ ಗಂಟು ಅವ್ವ ಬಿಚ್ಚಿ ನೋಡ್ತಾಳೆ ಅಂತ.
ಬಂಗಾರ ಬೆರೆಸ್ಯಾರೆ ಅಂತಿದ್ರು ಆಗ.
ಹನುಮಕ್ಕ ಏನೋ ಅಂದ್ಲು, ನಕ್ಕೆ. ಹೋತು.
ಮೂರು ದಿನ ಸಾಲು ಸಾಲು ಹುಡುಕೀನಿ."

"ಏನಂದಳು ಹನುಮಕ್ಕ?"

ಅತ್ತೆ ಬದುವಿನಾಚೆ ನೋಡಿದಳು,
ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು.
ನೆನಪಾಗಲಿಲ್ಲ.

ನಾಣ್ಯವನ್ನು ಸೆರಗಿಗೆ ಒರೆಸಿ
ಬಾಯಿಗೆ ಹಾಕಿಕೊಂಡಳು. ಹಲ್ಲು ಬಿದ್ದ ಜಾಗದಲ್ಲಿ
ಕೂತಿತೇನೋ, ಕೆನ್ನೆ ಒಂದಿಷ್ಟು ಉಬ್ಬಿತು.

ಕಲಂದರ ಯಂತ್ರ ಮೇಲೆತ್ತಿ
ಅವಳ ಗದ್ದದ ಹತ್ತಿರ ಹಿಡಿದ.
ಕುಂಯ್ ಅಂತು.

ನಗಬಾರದೆಂದು
ಅತ್ತೆ ತುಟಿ ಬಿಗಿದಳು.