ಐದೇ ಕಿವಿ

ಲಿಯೆಪಾಯ ಬಂದರಿನಲ್ಲಿ ಮೂವತ್ತೊಂದು ವರ್ಷ
ಕ್ರೇನಿನ ಗೂಡಲ್ಲಿ ಕೂತಿದ್ದ ಐವರ್ಸ್,
ಎಡಗಿವಿಯನ್ನು ಅಲ್ಲೇ ಬಿಟ್ಟು ಬಂದ.
ಈಗ ಗ್ಯಾರೇಜಿನಲ್ಲಿ
ಮರ ಕೆತ್ತುವ ಯಂತ್ರ: ಪ್ಲೈವುಡ್ ಮೇಜು,
ಸತ್ತ ಪ್ರಿಂಟರುಗಳಿಂದ ಕಿತ್ತ ಮೋಟರು,
ಶಾಲೆಯವರು ಎಸೆದ ಕಂಪ್ಯೂಟರು,
ಅದರ ಬೆನ್ನಿಗೆ ಇಪ್ಪತ್ತೈದು ತೂತಿನ ಪ್ಯಾರಲಲ್ ಪೋರ್ಟು.

"ಇದೂ ಬಂದರೇ" ಅನ್ನುತ್ತಾನೆ.
ಪಕ್ಕದ ಮನೆಯವಳು ನಾನು, ಟಾರ್ಚು ಹಿಡಿದಿದ್ದೇನೆ.
ಸ್ಕ್ರೂಡ್ರೈವರ್ ತುದಿಯಿಂದ ಎಣಿಸುತ್ತಾನೆ:
ಹೊರಗೆ ಹೇಳಲು ಹನ್ನೆರಡು,
ನೆಲ ಕಚ್ಚಿ ಸುಮ್ಮನಿರಲು ಎಂಟು,
ಕೇಳಿಸಿಕೊಳ್ಳಲು
ಐದೇ.

ಒಂದು, ಎಲ್ಲ ನಿಲ್ಲಿಸುವ ಕೆಂಪು ಗುಂಡಿಗೆ.
ಒಂದು, ಉಳಿಯ ಆಳ ಮುಟ್ಟಿ ನೋಡುವ ತಟ್ಟೆಗೆ.
ಒಂದು, ಸುತ್ತು ಎಣಿಸುವ ಕಣ್ಣಿಗೆ.
ಒಂದು ಸುಟ್ಟೇ ಹೋಗಿದೆ, ಹೇಗೆಂದು ಕೇಳಬೇಡಿ.
ಉಳಿದೊಂದರಲ್ಲಿ
ಆರು ಅಂಚಿನ ಆರು ಸ್ವಿಚ್ಚು, ಒಂದೇ ದಾರಕ್ಕೆ ಪೋಣಿಸಿದ್ದು.
ಎಲ್ಲಿ ತಾಗಿದರೂ ದಾರ ಕಡಿದು ಯಂತ್ರ ನಿಲ್ಲುತ್ತದೆ.
ಯಾರೋ ಕೂಗಿದರು, ಅಷ್ಟೇ ಗೊತ್ತು ಅದಕ್ಕೆ;
ಯಾರೆಂದು ಗೊತ್ತಿಲ್ಲ.

ಬುಧವಾರವೂ ಹಾಗೇ ಆಯಿತು.
ಯಾರದೋ ಮೀನು ದೋಣಿಗೆ ಹೆಸರಿನ ಹಲಗೆ,
ಅವರ ಭಾಷೆಯ ಐದಕ್ಷರ, ಕಡಲಹಕ್ಕಿ ಅಂತ ಅರ್ಥ,
ಮೂರನೆಯದರ ಹೊಟ್ಟೆಯಲ್ಲಿ ಉಳಿ ನಿಂತಿತು.
ಐವರ್ಸ್ ಮಂಡಿಯೂರಿ ಮೇಜಿನ ಸುತ್ತ ತೆವಳಿದ,
ಹಲ್ಲುನೋವಿನವನು ನಾಲಗೆಯಿಂದ
ಹಲ್ಲು ಹಲ್ಲು ತಡವುವ ಹಾಗೆ.
ಕೊನೆಗೆ ಸಿಕ್ಕಿದ್ದು ಒಂದು ಚಿಟಿಕೆ ಮರದ ಹೊಟ್ಟು.

ಕೌನಸ್‌ನಿಂದ ಅಂಚೆಯಲ್ಲಿ ಬಂತು ಎರಡನೇ ಕಾರ್ಡು,
ಯಾರದೋ ಸಿಗರೇಟಿನ ವಾಸನೆ ಸಮೇತ.
ಇದಕ್ಕೊಂದು ಗುಟ್ಟಿದೆ, ಅಂದ:
ಒಂದೇ ಒಂದು ಬಿಟ್ಟನ್ನು
ಸೊನ್ನೆಯಿಂದ ಒಂದಕ್ಕೆ ಮಗುಚಿದರೆ
ಹೇಳುವ ಎಂಟು ಬಾಯಿ
ಕೇಳುವ ಎಂಟು ಕಿವಿ.

ಚಹಾ ತಂದ ವೆಲ್ಟಾ ಕೇಳಿದಳು,
"ಆ ಬಿಟ್ಟು ನಿನ್ನಲ್ಲಿ ಎಲ್ಲಿದೆ?"
ಅವಳು ನಿಂತದ್ದು ಎಡಗಡೆ.
"ಸಕ್ಕರೆ ಬೇಡ" ಅಂದ ಐವರ್ಸ್.

ದಾರ ಬಿಚ್ಚಿ ಆರು ತಂತಿ, ಆರು ಬಣ್ಣ.
ನೀಲಿ ಮುಗಿದುಹೋಗಿ ಹಳದಿಗೆ ಎರಡು ಗಂಟು.
ರಾತ್ರಿ ಹತ್ತಕ್ಕೆ ಅವನು ಮೇಜಿನಡಿ, ನಾನು ಪರದೆಯ ಮುಂದೆ.
ಅವನು ಒತ್ತುವುದು,
ನಾನು ಬಗ್ಗಿ ಅವನ ಬಲಗಿವಿಗೆ ಕೂಗುವುದು:
ಎಕ್ಸ್, ಗೋಡೆಯ ಕಡೆ!
ಎಕ್ಸ್, ಬಾಗಿಲ ಕಡೆ!
ವೈ! ಇನ್ನೊಂದು ವೈ!
ಝಡ್, ಮೇಲೆ!
ಆರನೆಯದು ಹೊತ್ತಲಿಲ್ಲ.
ಮತ್ತೆ ಬೆಸುಗೆ, ರಾಳದ ಹೊಗೆ, ಒಂದು ಲಾಟ್ವಿಯನ್ ಬೈಗುಳ
(ಕಲಿತುಕೊಂಡೆ).
ಝಡ್, ಕೆಳಗೆ!
"ಏನು?"
ಕೆಳಗೇ!

ನಿಂತಲ್ಲಿಂದ ಉಳಿ ಮತ್ತೆ ಹೊರಟಿತು.
ಮೂರನೇ ಅಕ್ಷರದಲ್ಲಿ ಕೂದಲೆಳೆಯಷ್ಟು ಮೆಟ್ಟಿಲು ಉಳಿದಿದೆ,
ಕಣ್ಣಿಗೆ ಕಾಣದು, ಬೆರಳಿಗೆ ಸಿಗುತ್ತದೆ.
ದೋಣಿಯವನಿಗೆ ನಾವಿನ್ನೂ ಹೇಳಿಲ್ಲ.